ಯಂತ್ರವನ್ನು ಕೇಳಿ ಕಟ್ಟುವ ವಿದ್ಯೆ

ಹುಬ್ಬಳ್ಳಿಯಿಂದ ದಕ್ಷಿಣಾಭಿಮುಖವಾಗಿ ಹೊರಟ ರೈಲುಗಾಡಿಯು ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳನ್ನು ಒಂದಾದ ಮೇಲೊಂದರಂತೆ ದಾಟಿ ಹರಿಹರದ ಬಳಿ ತುಂಗಭದ್ರೆಯನ್ನು ಸೇರುತ್ತದೆ. ಈ ಸೀಮೆಯ ಚರಿತ್ರೆಯನ್ನು ಬರೆಯಹೊರಟವರು ಕನಕದಾಸರ ಬಾಡವನ್ನೂ, ಶಿಶುನಾಳದ ಶರೀಫರನ್ನೂ, ತಮ್ಮ ಕಾದಂಬರಿಗಳನ್ನು ತಾವೇ ಪ್ರಕಟಿಸಿ ಊರೂರಿಗೆ ಹೊತ್ತು ಮಾರಿದ ಗಳಗನಾಥರನ್ನೂ, ಹತ್ತಿ ಮೆಣಸಿನಕಾಯಿಗಳ ಪೇಟೆಯನ್ನೂ ಸ್ಮರಿಸುವುದು ಉಚಿತವೇ ಸರಿ. ಆದರೆ ಕಳೆದ ಕೆಲವು ದಶಕಗಳಲ್ಲಿ ಸದ್ದಿಲ್ಲದೆ ಇಲ್ಲಿಗೆ ಬಂದ ಒಂದು ವಿದ್ಯೆಗೂ ಆ ಚರಿತ್ರೆಯಲ್ಲಿ ಸ್ಥಾನವಿರತಕ್ಕದ್ದೆಂದು ನನ್ನ ನಂಬುಗೆ. ಕಂಪ್ಯೂಟರ್ ಭಾಷೆಯೊಂದರ ಇಂಟರ್‌ಪ್ರಿಟರನ್ನು, ಎಂದರೆ ನಾವು ಬರೆದ ಆಜ್ಞೆಗಳನ್ನು ಓದಿ ಆಗಿಂದಾಗಲೇ ನಡೆಸಿಕೊಡುವ ಪ್ರೋಗ್ರಾಮನ್ನು, ಅದರ ಮೂಲಪಾಠದಿಂದಲೇ (ಸೋರ್ಸ್ ಕೋಡಿನಿಂದಲೇ) ಯುನಿಕ್ಸ್ ಯಂತ್ರದ ಮೇಲೆ ಕಟ್ಟಿ ನೆಲೆಗೊಳಿಸುವ ವಿದ್ಯೆ ಅದು.

ಇದರ ಬೇರು ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿದೆ. ೧೯೬೯ರಲ್ಲಿ ಕೆನ್ ಥಾಮ್ಸನ್ ಮತ್ತು ಡೆನಿಸ್ ರಿಚಿ ಎಂಬವರು ಆರಂಭಿಸಿದ ಯುನಿಕ್ಸ್ ವ್ಯವಸ್ಥೆಯು ಮೊದಮೊದಲು ಒಂದೇ ಜಾತಿಯ ಯಂತ್ರಕ್ಕೆ ಕಟ್ಟುಬಿದ್ದಿತ್ತು. ೧೯೭೩ರಲ್ಲಿ ಅದನ್ನು ರಿಚಿಯವರೇ ರೂಪಿಸಿದ ಸಿ ಭಾಷೆಯಲ್ಲಿ ಪುನಃ ಬರೆದಂದಿನಿಂದ ಒಂದು ಯಂತ್ರಕ್ಕೆಂದು ರಚಿತವಾದ ಪ್ರೋಗ್ರಾಮು ಮತ್ತೊಂದು ಯಂತ್ರದ ಮೇಲೂ ಬಾಳುವ ದಾರಿ ತೆರೆಯಿತು. ಆದುದರಿಂದ ಸಿದ್ಧವಸ್ತುವನ್ನಲ್ಲ, ಮೂಲಪಾಠವನ್ನೇ ಪರಸ್ಪರ ಕೊಟ್ಟುಕೊಳ್ಳುವ ಪದ್ಧತಿಯೂ ಬೆಳೆಯಿತು.

ಆದರೆ ನೂರಾರು ಕಡತಗಳ ಮೂಲಪಾಠವನ್ನು ಕೈಯಿಂದ ಒಂದೊಂದಾಗಿ ಕಂಪೈಲು ಮಾಡುವುದು, ಎಂದರೆ ಯಂತ್ರದ ಭಾಷೆಗೆ ತಿರುಗಿಸುವುದು, ಪ್ರಯಾಸದ ಕೆಲಸ, ಪ್ರಮಾದಕ್ಕೂ ಆಸ್ಪದ. ಅದೇ ಪ್ರಯೋಗಾಲಯದ ಸ್ಟೀವ್ ಜಾನ್ಸನ್ ಒಂದು ದಿನ, ತಪ್ಪನ್ನು ಆಗಲೇ ತಿದ್ದಿದ್ದರೂ ತಿದ್ದಿದ ಕಡತವನ್ನು ಮತ್ತೆ ಕಂಪೈಲು ಮಾಡಲು ಮರೆತು, ಸರಿಯಾಗಿಯೇ ಇದ್ದ ಪ್ರೋಗ್ರಾಮಿನಲ್ಲಿ ಬೆಳಗೆಲ್ಲ ದೋಷವನ್ನು ಹುಡುಕಿ ಬಳಲಿದರಂತೆ. ಆ ವೃತ್ತಾಂತವನ್ನು ಕೇಳಿದ ಸ್ಟುವರ್ಟ್ ಫೆಲ್ಡ್‌ಮನ್ ೧೯೭೬ರಲ್ಲಿ ಮೇಕ್ ಎಂಬ ಸಾಧನವನ್ನು ರಚಿಸಿದರು. ಯಾವ ಕಡತ ಯಾವುದನ್ನು ಅವಲಂಬಿಸಿದೆಯೆಂಬುದನ್ನು ಮೇಕ್‌ಫೈಲಿನಲ್ಲಿ ಬರೆದಿಟ್ಟರೆ, ಬದಲಾದುದನ್ನು ಮಾತ್ರ ಪುನಃ ಕಟ್ಟುವ ಹೊಣೆಯನ್ನು ಮೇಕ್ ಹೊರುತ್ತದೆ. ಅದರಲ್ಲಿ ಆಜ್ಞೆಯ ಸಾಲು ಟ್ಯಾಬ್ ಕೀಲಿಯಿಂದಲೇ ಆರಂಭವಾಗತಕ್ಕದ್ದು. ಖಾಲಿ ಜಾಗಗಳನ್ನಿಟ್ಟರೆ ‘ಮಿಸಿಂಗ್ ಸೆಪರೇಟರ್’ ಎಂದು ಅದು ನಿಂತುಬಿಡುತ್ತದೆ. ಈ ನಿಯಮದ ಅನನುಕೂಲ ಫೆಲ್ಡ್‌ಮನ್‌ರಿಗೆ ಬೇಗನೆ ಗೋಚರಿಸಿತಾದರೂ, ಆಗಲೇ ಅದನ್ನು ಬಳಸುತ್ತಿದ್ದ ಹತ್ತು ಹನ್ನೆರಡು ಮಂದಿಗೆ ತೊಂದರೆಯಾದೀತೆಂದು ಅವರು ಬದಲಿಸಲಿಲ್ಲ. ಆ ಕೆಲವರ ಮೇಲಣ ದಾಕ್ಷಿಣ್ಯವು ಇಂದಿಗೂ ಜಗತ್ತಿನ ಪ್ರತಿಯೊಬ್ಬ ವಿದ್ಯಾರ್ಥಿಯ ಬೆರಳನ್ನು ಟ್ಯಾಬ್ ಕೀಲಿಯತ್ತ ಎಳೆಯುತ್ತಿದೆ.

ನನ್ನ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚಾಗಿ ಸೆಳೆಯುವುದು ಇದರ ಮುಂದಿನ ಹಂತ. ಎಂಬತ್ತರ ದಶಕದ ಹೊತ್ತಿಗೆ ಯುನಿಕ್ಸ್ ಹತ್ತಾರು ಕವಲುಗಳಾಗಿ ಒಡೆದಿತ್ತು. ಒಂದರಲ್ಲಿದ್ದ ಸೌಲಭ್ಯ ಮತ್ತೊಂದರಲ್ಲಿರುತ್ತಿರಲಿಲ್ಲ. ೧೯೮೭ರ ಡಿಸೆಂಬರಿನಲ್ಲಿ ಪರ್ಲ್ ಭಾಷೆಯನ್ನು ಹೊರತಂದ ಲ್ಯಾರಿ ವಾಲ್ ಅದರೊಡನೆ ಕಾನ್ಫಿಗರ್ ಎಂಬ ಸ್ಕ್ರಿಪ್ಟನ್ನೂ ಕೊಟ್ಟರು. ಅದು ಕಟ್ಟುವವನೊಡನೆ ಸಂಭಾಷಣೆಗೆ ತೊಡಗಿ, ನಿನ್ನ ಯಂತ್ರ ಯಾವುದು, ಗ್ರಂಥಾಲಯಗಳು (ಲೈಬ್ರರಿಗಳು) ಎಲ್ಲಿವೆ, ಇಂಟರ್‌ಪ್ರಿಟರನ್ನು ಎಲ್ಲಿ ಇರಿಸಲಿ ಎಂದು ಒಂದೊಂದಾಗಿ ಕೇಳಿ, ತನ್ನ ಊಹೆಯನ್ನೂ ಪಕ್ಕದಲ್ಲಿಯೇ ಸೂಚಿಸುತ್ತಿತ್ತು. ಊಹೆ ಸರಿಯಿದ್ದರೆ ಎಂಟರ್ ಒತ್ತಿದರಾಯಿತು. ೧೯೯೧ರಲ್ಲಿ ಡೇವಿಡ್ ಮೆಕೆಂಜಿ ರಚಿಸಿದ ಆಟೋಕಾನ್ಫ್ ಈ ಪ್ರಶ್ನೆಗಳನ್ನು ಮನುಷ್ಯನಿಗೆ ಹಾಕುವ ಬದಲು ಯಂತ್ರಕ್ಕೇ ಹಾಕಿತು. ಒಂದು ಸೌಲಭ್ಯವಿದೆಯೇ ಎಂದು ತಿಳಿಯಬೇಕಾದರೆ ಅದನ್ನು ಬಳಸುವ ನಾಲ್ಕು ಸಾಲಿನ ಸಿ ಪ್ರೋಗ್ರಾಮನ್ನು ಅಲ್ಲಿಯೇ ಬರೆದು ಕಂಪೈಲು ಮಾಡಿ ನೋಡುವುದು. ಕಂಪೈಲಾದರೆ ‘ಯೆಸ್’, ಆಗದಿದ್ದರೆ ‘ನೋ’. ಹೀಗೆ ನೂರಾರು ಪರೀಕ್ಷೆಗಳ ಫಲವನ್ನು ಕ್ರೋಡೀಕರಿಸಿ, ಆ ಯಂತ್ರಕ್ಕೆ ಮಾತ್ರ ಹೊಂದುವ ಮೇಕ್‌ಫೈಲನ್ನು ಅದು ರಚಿಸಿಕೊಟ್ಟ ಕಾನ್ಫಿಗರ್ ಸ್ಕ್ರಿಪ್ಟು ಸಿದ್ಧಪಡಿಸುತ್ತದೆ. ಯಾವುದನ್ನೂ ಮುಂಚಿತವಾಗಿ ಗ್ರಹಿಸಿಕೊಳ್ಳದೆ, ತಾನು ನೆಲೆಸಬೇಕಾದ ಸ್ಥಳವನ್ನು ಕೇಳಿ ತಿಳಿದು ಬಳಿಕ ರೂಪುಗೊಳ್ಳುವ ಈ ಸೌಜನ್ಯವನ್ನು ನಾನು ಇಪ್ಪತ್ತನೆಯ ಶತಮಾನಾಂತ್ಯದ ಶ್ರೇಷ್ಠ ಕಲ್ಪನೆಗಳಲ್ಲೊಂದೆಂದು ಎಣಿಸುತ್ತೇನೆ. ಅದೇ ೧೯೯೧ರ ಫೆಬ್ರವರಿಯಲ್ಲಿ ಹಾಲೆಂಡಿನ ಗೀಡೊ ವಾನ್ ರಾಸಮ್ ತಮ್ಮ ಪೈಥಾನ್ ಭಾಷೆಯ ಮೂಲಪಾಠವನ್ನು ಹಲವು ತುಂಡುಗಳಾಗಿ ಲೋಕಕ್ಕೆ ಕಳುಹಿಸಿದರು.

ನಮ್ಮ ಸೀಮೆಗೆ ಈ ವಿದ್ಯೆ ಬಂದುದು ಕಾಲೇಜುಗಳ ಮೂಲಕ. ರಾಣೆಬೆನ್ನೂರಿನಲ್ಲಿ ಸಿರಿಗೆರೆಯ ತರಳಬಾಳು ವಿದ್ಯಾಸಂಸ್ಥೆಯು ೧೯೮೦ರಲ್ಲಿ ಇಂಜಿನಿಯರಿಂಗ್ ಕಾಲೇಜನ್ನು ತೆರೆಯಿತು. ೧೯೯೭ರಲ್ಲಿ ಧಾರವಾಡದಿಂದ ಬೇರ್ಪಟ್ಟು ಜಿಲ್ಲೆಯಾದ ಹಾವೇರಿಗೆ ೨೦೦೭ರಲ್ಲಿ ದೇವಗಿರಿಯ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು ದೊರೆಯಿತು. ಇಂಟರ್ನೆಟ್ಟು ದುರ್ಲಭವಾಗಿದ್ದ ಕಾಲದಲ್ಲಿ, ೧೯೯೬ರಲ್ಲಿ, ಪಿಸಿಕ್ವೆಸ್ಟ್ ಪತ್ರಿಕೆಯು ಬೆಂಗಳೂರಿನ ಅತುಲ್ ಚಿಟ್ನಿಸ್ ಅವರ ಪ್ರಯತ್ನದಿಂದ ಲಿನಕ್ಸ್ ಸಿಡಿಯನ್ನು ತನ್ನ ಸಂಚಿಕೆಯೊಡನೆ ಹಂಚಿತು; ಯುನಿಕ್ಸ್ ಯಂತ್ರವನ್ನು ಕೊಳ್ಳಲಾರದ ಸಣ್ಣ ಊರಿನವರಿಗೂ ಮೂಲಪಾಠಸಹಿತವಾದ ಯುನಿಕ್ಸ್ ಜಾತಿಯ ವ್ಯವಸ್ಥೆಯೊಂದು ಒಂದು ಪತ್ರಿಕೆಯ ಬೆಲೆಗೆ ಕೈಸೇರಿದುದು ಸಾಮಾನ್ಯ ಸಂಗತಿಯಲ್ಲ. ೧೯೯೮ರಲ್ಲಿ ಸ್ಥಾಪಿತವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಾಠಕ್ರಮದಲ್ಲಿ, ಭಾಷೆಯ ಪದಗಳನ್ನೂ ವ್ಯಾಕರಣವನ್ನೂ ಗುರುತಿಸುವ ಪ್ರೋಗ್ರಾಮುಗಳನ್ನು ಹೆಣೆದುಕೊಡುವ ಲೆಕ್ಸ್ ಮತ್ತು ಯಾಕ್‌ಗಳ ಲ್ಯಾಬ್ ಬಂದಿತು. ಕೂಡು, ಕಳೆ, ಗುಣಿಸು, ಭಾಗಿಸುಗಳುಳ್ಳ ಒಂದು ಸಾಲನ್ನು ಓದಿ ಉತ್ತರ ಹೇಳುವ ಪ್ರೋಗ್ರಾಮನ್ನು ಅಲ್ಲಿ ವಿದ್ಯಾರ್ಥಿಗಳು ಬರೆಯುತ್ತಿದ್ದರು. ಅದೇ ಇಂಟರ್‌ಪ್ರಿಟರಿನ ಬೀಜರೂಪ. ಆ ಯಾಕ್ ಅನ್ನು ರಚಿಸಿದವರು, ಮೇಲೆ ಹೇಳಿದ ಬಳಲಿಕೆಯ ಸ್ಟೀವ್ ಜಾನ್ಸನ್ನರೇ. ೨೦೧೮ರ ಪಾಠಕ್ರಮದ ಐದನೆಯ ಸೆಮಿಸ್ಟರಿನಲ್ಲಿ ಪೈಥಾನ್ ಒಂದು ವಿಷಯವಾಯಿತು.

ಲ್ಯಾಬಿನ ಯಂತ್ರದ ಮೇಲೆ ಹಳೆಯ ಪೈಥಾನಿದ್ದು, ವಿದ್ಯಾರ್ಥಿನಿಯೊಬ್ಬಳಿಗೆ ಹೊಸದು ಬೇಕಾಗಿದೆಯೆಂದು ಭಾವಿಸೋಣ. ಆಡಳಿತಗಾರರ ರೂಟ್ ಪಾಸ್‌ವರ್ಡು ಅವಳಲ್ಲಿಲ್ಲ. ಮೂಲಪಾಠದ ಗಂಟನ್ನು ಟಾರ್ ಆಜ್ಞೆಯಿಂದ ಬಿಚ್ಚಿ, ಕಾನ್ಫಿಗರಿಗೆ ‘ಪ್ರಿಫಿಕ್ಸ್’ ಎಂದು ತನ್ನ ಹೋಮ್ ಡೈರೆಕ್ಟರಿಯ ವಿಳಾಸವನ್ನೇ ಕೊಟ್ಟರೆ ಯಾರ ಅಪ್ಪಣೆಯೂ ಅವಳಿಗೆ ಬೇಕಿಲ್ಲ. ಪರೀಕ್ಷೆಗಳ ಸಾಲುಗಳು ಪರದೆಯ ಮೇಲೆ ಹರಿದುಹೋದ ಬಳಿಕ ಮೇಕ್ ತನ್ನ ಕೆಲಸಕ್ಕೆ ತೊಡಗುತ್ತದೆ. ಕೊನೆಯಲ್ಲಿ, ಇಂತಿಂಥ ಮಾಡ್ಯೂಲುಗಳನ್ನು ಕಟ್ಟಲು ಬೇಕಾದ ಸಾಮಗ್ರಿ ದೊರೆಯಲಿಲ್ಲವೆಂಬ ಪಟ್ಟಿ ಮೂಡುತ್ತದೆ. ಅದನ್ನು ಅಲಕ್ಷಿಸಿ ಮುಂದೆ ಸಾಗಿದವಳಿಗೆ ಫಲ ಕೂಡಲೇ ತಿಳಿಯುತ್ತದೆ: ರೀಡ್‌ಲೈನ್ ಗ್ರಂಥಾಲಯದ ಹೆಡರ್ ಕಡತಗಳಿಲ್ಲದೆ ಕಟ್ಟಿದ, ತೀರ ಇತ್ತೀಚಿನದಲ್ಲದ ಪೈಥಾನಿನಲ್ಲಿ ಮೇಲ್ಮುಖದ ಬಾಣದ ಕೀಲಿಯನ್ನೊತ್ತಿದರೆ ಹಿಂದಿನ ಸಾಲು ಮರಳುವ ಬದಲು ಚೌಕಾವರಣಗಳೂ ಒಂದು ‘ಎ’ ಅಕ್ಷರವೂ ಬಂದು ಕೂರುತ್ತವೆ. ಗ್ರಂಥಾಲಯ ಇರುವುದು ಬೇರೆ, ಅದನ್ನು ಬಳಸಿ ಕಟ್ಟಲು ಬೇಕಾದ ಹೆಡರುಗಳಿರುವುದು ಬೇರೆ ಎಂಬ ಭೇದವನ್ನು ಅವಳು ಆಗ ಮರೆಯದಂತೆ ಕಲಿಯುತ್ತಾಳೆ. ಸ್ಥಾಪಿಸುವಾಗ, ಹಳೆಯದರ ಮೇಲೆ ಹೇರದೆ ಹೊಸದನ್ನು ಬೇರೆ ಹೆಸರಿನಲ್ಲಿ ಪಕ್ಕದಲ್ಲಿರಿಸುವ ‘ಆಲ್ಟ್‌ಇನ್‌ಸ್ಟಾಲ್’ ಎನ್ನುವುದೂ ಇಂಥದೇ ವಿವೇಕ. ರೆಡ್ ಹ್ಯಾಟ್ ಕುಲದ ಲಿನಕ್ಸುಗಳಲ್ಲಿ ಯಮ್ ಎಂಬ ಆಡಳಿತದ ಸಾಧನವೇ ಹಳೆಯ ಪೈಥಾನನ್ನು ನೆಚ್ಚಿತ್ತಾದ್ದರಿಂದ, ವ್ಯವಸ್ಥೆಯ ಪೈಥಾನಿನ ಮೇಲೆಯೇ ಹೊಸದನ್ನು ಹೇರಿದ ಆಡಳಿತಗಾರರು ಆ ಸಾಧನವನ್ನೇ ಕಳೆದುಕೊಂಡದ್ದುಂಟು.

ಇಂದು ಸಿದ್ಧ ಪ್ಯಾಕೇಜು ಒಂದೇ ಆಜ್ಞೆಗೆ ದೊರೆಯುತ್ತಿರುವಾಗ ಈ ಶ್ರಮವೇಕೆಂದು ಕೇಳುವವರಿದ್ದಾರೆ. ಬ್ಯಾಡಗಿಯ ಪೇಟೆಯಿಂದ ಮೆಣಸಿನಕಾಯಿಯನ್ನೇ ತಂದು, ತೊಟ್ಟು ಬಿಡಿಸಿ, ಬಿಸಿಲಿಗೆ ಹರವಿ ಪುಡಿ ಮಾಡಿಸಿದ ಮನೆಯವರಿಗೆ ಅದರಲ್ಲಿ ಡಬ್ಬಿ ಜಾತಿಯದೆಷ್ಟು, ಕಡ್ಡಿ ಜಾತಿಯದೆಷ್ಟು ಎಂದು ತಿಳಿದಿರುತ್ತದೆ. ಪೊಟ್ಟಣದ ಪುಡಿ ಕೊಂಡವರಿಗೆ ಬಣ್ಣ ಮಾತ್ರ ಕಾಣುತ್ತದೆ. ದಿನಬಳಕೆಗೆ ಪೊಟ್ಟಣ ಸಾಕೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ; ಆದರೆ ಇಂಜಿನಿಯರ್ ಆಗಹೊರಟವರು ಪದವಿ ಪಡೆಯುವುದರೊಳಗೆ ಒಂದು ಸಲವಾದರೂ ತಮ್ಮ ಇಂಟರ್‌ಪ್ರಿಟರನ್ನು ತಾವೇ ಕಟ್ಟಬೇಕೆಂದೂ, ಅದಕ್ಕಾಗಿ ಲ್ಯಾಬಿನಲ್ಲಿ ಒಂದು ದಿನವನ್ನು ಮೀಸಲಿಡಬೇಕೆಂದೂ ನನ್ನ ದೃಢವಾದ ಅಭಿಪ್ರಾಯ.

ಇಂಥ ಭಾಷೆಗಳ ಮೂಲಪಾಠದೊಳಗೆ ಕನ್ನಡಕ್ಕೂ ಪ್ರವೇಶ ದೊರೆತಿದೆ. ಮಕ್ಕಳಿಗಾಗಿ ರಚಿತವಾದ ಲೋಗೊ ಭಾಷೆಯನ್ನು ಡಾ. ಯು. ಬಿ. ಪವನಜರು ಕನ್ನಡದ ಆಜ್ಞೆಗಳನ್ನು ಅರಿಯುವಂತೆ ರೂಪಿಸಿದರು. ೨೦೦೮ರ ಡಿಸೆಂಬರಿನಲ್ಲಿ ಬಂದ ಪೈಥಾನ್ ೩ರಲ್ಲಿ ಹೆಸರುಗಳನ್ನು ಕನ್ನಡದಲ್ಲಿಯೇ ಇಡಬಹುದು: ‘ಬ್ಯಾಡಗಿ’ ಎಂಬ ಹೆಸರಿಗೆ ಒಂದು ಬೆಲೆಯನ್ನು ಕೊಟ್ಟರೆ ಅದು ನಿರಾಕ್ಷೇಪವಾಗಿ ಸ್ವೀಕರಿಸುತ್ತದೆ, ‘೧೨’ ಎಂದು ಉದ್ಧರಣಚಿಹ್ನೆಗಳ ನಡುವೆ ಕನ್ನಡ ಅಂಕಿಗಳನ್ನಿಟ್ಟು ಸಂಖ್ಯೆಯಾಗಿಸೆಂದರೆ ಹನ್ನೆರಡೆಂದೇ ಗ್ರಹಿಸುತ್ತದೆ. ಆದರೆ ‘ಹಾವೇರಿ’ಯ ಉದ್ದವೆಷ್ಟೆಂದು ಕೇಳಿದರೆ ಮೂರಕ್ಕೆ ಬದಲಾಗಿ ಆರೆನ್ನುತ್ತದೆ, ಗುಣಿತದ ಚಿಹ್ನೆಗಳನ್ನೂ ಪ್ರತ್ಯೇಕವಾಗಿ ಎಣಿಸುವುದರಿಂದ; ‘ರಾಜ್‌ಕುಮಾರ್’ ಎಂಬ ಹೆಸರನ್ನಂತೂ, ಅರ್ಧಾಕ್ಷರವನ್ನು ಬಿಡಿಸಿ ನಿಲ್ಲಿಸುವ ಕಣ್ಣಿಗೆ ಕಾಣದ ಚಿಹ್ನೆಯೊಂದು ನಡುವೆ ಇರುವುದರಿಂದ, ದೋಷವೆಂದು ತಳ್ಳಿಹಾಕುತ್ತದೆ. ಹಾಗೆ ತಳ್ಳಿಹಾಕುವ ಸಾಲುಗಳಿರುವುದು ಮೂಲಪಾಠದ ಪಾರ್ಸರ್ ಡೈರೆಕ್ಟರಿಯಲ್ಲಿ. ದೇವಗಿರಿಯ ವಿದ್ಯಾರ್ಥಿನಿಯು ಅವನ್ನು ತೆರೆದು, ಆ ಚಿಹ್ನೆಗೆ ಎಡೆಮಾಡಿಕೊಟ್ಟು ನೋಡಬಹುದು. ಆ ಮೇಲೆ ಮತ್ತೆ ‘ಮೇಕ್’ ಎಂದರೆ, ಅವಳು ತಿದ್ದಿದ ಕಡತವನ್ನಷ್ಟೇ ಪುನಃ ಕಂಪೈಲು ಮಾಡಿ, ಉಳಿದುದನ್ನೆಲ್ಲ ಇದ್ದಂತೆಯೇ ಜೋಡಿಸಿಕೊಂಡು, ಹೊಸ ಪೈಥಾನನ್ನು ಅದು ಸಿದ್ಧಗೊಳಿಸುತ್ತದೆ.