ಅಪ್ಪ ಉಳಿಸಿಟ್ಟ ವರಲಕ್ಷ್ಮಿ ಬೀಜ

ಲೋಕಲ್ ರೈಲು ಕಾಟನ್ ಗ್ರೀನ್ ಸ್ಟೇಷನ್ ದಾಟುವಾಗ ನನಗೆ ನೆನಪಾಗುವುದು ಮುಂಬಯಿಯ ಮಿಲ್ಲುಗಳಲ್ಲ, ಹಾವೇರಿ ಕಡೆಯ ನಮ್ಮ ಎರೆಹೊಲ. ಊರು ಬಿಟ್ಟು ನಲವತ್ತು ವರ್ಷ ಮೀರಿತು...

1972ರಲ್ಲಿ ಧಾರವಾಡದಲ್ಲಿ ಡಾ. ಬಿ.ಎಚ್. ಕಾತರಕಿಯವರು ‘ವರಲಕ್ಷ್ಮಿ’ ಹತ್ತಿಯನ್ನು ಹೊರತಂದರು. ತಾಯಿ ನಮ್ಮವರಿಗೆ ಗೊತ್ತಿದ್ದ ‘ಲಕ್ಷ್ಮಿ’. ತಂದೆ ಬೇರೆಯೇ ಜಾತಿಯ, ಉದ್ದ ಎಳೆಯ ಹತ್ತಿ. ಸೂರತ್ತಿನಲ್ಲಿ ಸಿ.ಟಿ. ಪಟೇಲರ ಎಚ್-4 ಎರಡು ವರ್ಷ ಮೊದಲೇ ಬಂದಿತ್ತು ನಿಜ, ಆದರೆ ಅದರ ತಂದೆತಾಯಿ ಒಂದೇ ಜಾತಿಯವು.

ಬೀಜ ಬಲು ತುಟ್ಟಿ. ಯಾಕೆಂದರೆ ನಾಳೆ ಅರಳುವ ಮೊಗ್ಗನ್ನು ಇವತ್ತು ಸಂಜೆಯೇ ಬಿಡಿಸಿ, ಕೇಸರ ಕಿತ್ತು, ಕಾಗದದ ಚೀಲ ತೊಡಿಸಿ, ಮುಂಜಾನೆ ಇನ್ನೊಂದು ತಳಿಯ ಪರಾಗ ಸವರಬೇಕು. ಒಂದೊಂದೇ ಹೂವಿಗೆ! ಈ ಕೆಲಸ ಮಾಡಿದವರು ಬಹುಪಾಲು ಹೆಣ್ಣುಮಕ್ಕಳು, ಎಷ್ಟೋ ಮಂದಿ ಶಾಲೆಯಲ್ಲಿರಬೇಕಾದ ಹುಡುಗಿಯರು. ವರಲಕ್ಷ್ಮಿಯನ್ನು ಹೊಗಳುವಾಗ ಅವರ ಸುದ್ದಿ ಬರುವುದೇ ಇಲ್ಲ.

1974ರಲ್ಲಿ ಅಪ್ಪ ಬಿತ್ತಿದರು. ಬೆಳೆ ನೋಡಲು ಪಕ್ಕದೂರಿನವರೂ ಬಂದರು. ಮರುವರ್ಷ ಅಪ್ಪ, "ಬೀಜ ಮನ್ಯಾಗ ಐತಿ, ಮತ್ಯಾಕ ರೊಕ್ಕ ಸುರೀಬೇಕು?" ಎಂದು ತೆಗೆದಿಟ್ಟ ಕಾಳನ್ನೇ ಬಿತ್ತಿದರು. ಒಂದು ಗಿಡ ಎದೆಮಟ್ಟ, ಪಕ್ಕದ್ದು ಮೊಣಕಾಲುದ್ದ. ಕೆಲವು ಕಾಯಿಯನ್ನೇ ಕಟ್ಟಲಿಲ್ಲ. ಎಳೆ ಒಂದು ಉದ್ದ, ಒಂದು ಗಿಡ್ಡ. ದಲಾಲಿ ಬೆರಳಲ್ಲಿ ಎಳೆದು ನೋಡಿ ನಕ್ಕುಬಿಟ್ಟ. ಊರವರು ದೃಷ್ಟಿ ಎಂದರು. ಅಪ್ಪ ಹೊಲವನ್ನು ಬೈದರು. ಒಂದು ಎತ್ತು ಮಾರಿದೆವು.

ಇದಕ್ಕೆ ಉತ್ತರ 110 ವರ್ಷ ಮೊದಲೇ ಸಿಕ್ಕಿತ್ತು. ಈಗಿನ ಚೆಕ್ ದೇಶದ ಬರ್ನೋ ಊರಿನ ಮಠದಲ್ಲಿದ್ದ ಗ್ರೆಗರ್ ಮೆಂಡೆಲ್ 1865ರಲ್ಲಿ ತನ್ನ ಬಟಾಣಿ ಲೆಕ್ಕವನ್ನು ಸಭೆಯಲ್ಲಿ ಓದಿದ. ದುಂಡು ಕಾಳಿನ ತಳಿಗೂ ಸುಕ್ಕು ಕಾಳಿನ ತಳಿಗೂ ಕೂಡಿಸಿದರೆ ಮೊದಲ ಪೀಳಿಗೆ ಪೂರ್ತಿ ದುಂಡು. ಅವನ್ನೇ ಬಿತ್ತಿದರೆ 5,474 ದುಂಡು, 1,850 ಸುಕ್ಕು. ಸುಕ್ಕು ಎಲ್ಲಿಗೂ ಹೋಗಿರಲಿಲ್ಲ, ಅಡಗಿ ಕೂತಿತ್ತು. ಬಣ್ಣವನ್ನೂ ಸೇರಿಸಿ ಎಣಿಸಿದಾಗ 556 ಕಾಳು ನಾಲ್ಕು ಬಗೆಯಾದವು: 315, 101, 108, 32.

ಎರಡು ಗುಣಕ್ಕೇ ಇಷ್ಟು! ಮಿಶ್ರತಳಿಯ ಗಿಡದ ಪ್ರತಿ ಗುಣಕ್ಕೂ ತಾಯಿಯದೊಂದು, ತಂದೆಯದೊಂದು ಅಂಶ ಇರುತ್ತದೆ. ಮುಂದಿನ ಪೀಳಿಗೆಯಲ್ಲಿ ಆ ಜೋಡಿ ಹಾಗೆಯೇ ಉಳಿಯುವುದು ಅರ್ಧದಷ್ಟು ಗಿಡಗಳಲ್ಲಿ ಮಾತ್ರ. ಬೇರೆಬೇರೆಯಾಗಿ ಹಂಚಿಹೋಗುವ ಹತ್ತು ಜೋಡಿ ಹಿಡಿದರೂ, ಎಲ್ಲವೂ ಉಳಿದ ಗಿಡ 1,024ಕ್ಕೆ ಒಂದು. ವರಲಕ್ಷ್ಮಿಯಲ್ಲಿ ಕೂಡಿದ್ದು ಎರಡು ಜಾತಿಗಳು. ಅಲ್ಲಿ ಹತ್ತಕ್ಕೆ ನಿಲ್ಲುತ್ತದೆಯೇ?

ಇದನ್ನೆಲ್ಲ ನಾನು ಓದಿಕೊಂಡದ್ದು ಮುಂಬಯಿಗೆ ಬಂದು ಎಷ್ಟೋ ವರ್ಷದ ಮೇಲೆ. ರಜೆಗೆ ಹೋದಾಗ ಅಪ್ಪನ ಮುಂದೆ ಬಟಾಣಿ ಹರಡಿ ತೋರಿಸಿದೆ. ಸುಮ್ಮನೆ ಕೇಳಿದರು.

"ಹಂಗಾರ ಹೊಲದ್ದೇನೂ ತಪ್ಪಿಲ್ಲ?"

"ಇಲ್ಲಪ್ಪ."

"ಬೀಜದ ಚೀಲದ ಮ್ಯಾಲೆ ಅವತ್ತ ಬರದಿದ್ರ ಏನಾಗ್ತಿತ್ತು?"

ಬರೆದಿತ್ತೋ ಏನೋ. ಅಪ್ಪನಿಗೆ ಓದು ಬಾರದು. ಓದಿ ಹೇಳಬೇಕಿದ್ದವನು ನಾನೇ. ಆಗ ಏಳನೇ ಇಯತ್ತೆ.