ಗೋಮಿ ದಡಿ, ತೋಪತೆನಿ ಸೆರಗು

ಇಳಕಲ್ ಸೀರೆ ನೇಯಿಸೋಕೆ ಹೋದವರು ಬಹಳ ಮಾತಾಡಬೇಕಿಲ್ಲ. "ಗೋಮಿ ದಡಿ, ತೋಪತೆನಿ ಸೆರಗು, ಒಡಲು ಹಸರು, ಒಂಬತ್ತು ಗಜ" ಅಂದರೆ ಮುಗೀತು. ನೇಕಾರನ ಕಣ್ಣ ಮುಂದೆ ಪೂರ್ತಿ ಸೀರೆ ಬಂದು ನಿಂತಿರುತ್ತೆ. ಎಷ್ಟು ಎಳೆ, ಯಾವ ಬಣ್ಣದ ಪಕ್ಕ ಯಾವ ಬಣ್ಣ, ಸೆರಗಿನ ಕೆಂಪು ಎಲ್ಲಿ ನಿಂತು ಬಿಳಿ ಎಲ್ಲಿ ಶುರುವಾಗಬೇಕು, ಯಾವುದನ್ನೂ ನೀವು ಹೇಳಲ್ಲ, ಅವನೂ ಕೇಳಲ್ಲ.

ದಡಿಗೆ ಗೋಮಿ, ಪರಾಸಪೇಟ, ಗಾಡಿ. ಪರಾಸದಲ್ಲಿ ಮತ್ತೆ ಚಿಕ್ಕಿ ಪರಾಸ, ದೊಡ್ಡ ಪರಾಸ. ಸೆರಗಿನ ಮೇಲಿನ ಆಕಾರಗಳಿಗೆ ಇರೋ ಹೆಸರುಗಳೂ ಊರಿನವೇ: ಜೋಳದ ತೆನೆ, ಹಣಿಗೆ, ಕೋಟೆಯ ಗೋಡೆ. ಸಾಫ್ಟ್‌ವೇರ್‌ನಲ್ಲಿ ನಾವು ಡೊಮೇನ್-ಸ್ಪೆಸಿಫಿಕ್ ಮಾಡೆಲಿಂಗ್ ಲ್ಯಾಂಗ್ವೇಜ್ ಅಂತ ಉದ್ದ ಹೆಸರಿಟ್ಟು ಕರೆಯೋದು ಇದನ್ನೇ. ನಾನು ಇಲ್ಲಿ ಕಸುಬಿನ ಭಾಷೆ ಅಂತೀನಿ. ಜಾವಾದಲ್ಲೂ ಸೀರೆಯೊಂದನ್ನು ವರ್ಣಿಸಬಹುದು, ಆದರೆ ಅದಕ್ಕೆ ಸಾವಿರ ಸಾಲು ಬೇಕು, ಮತ್ತು ಆ ಸಾವಿರ ಸಾಲಲ್ಲಿ ತಪ್ಪೆಲ್ಲಿದೆ ಅಂತ ಇಳಕಲ್ಲಿನ ಯಾರೊಬ್ಬರೂ ಹೇಳಲಾರರು. ಕಸುಬಿನ ಭಾಷೆಯಲ್ಲಿ ಮಾತು ಕಡಿಮೆ. ಅದಕ್ಕಿಂತ ಮುಖ್ಯ, ಅದರಲ್ಲಿ ತಪ್ಪು ಹೇಳೋದೇ ಕಷ್ಟ. "ಗೋಮಿ ಸೆರಗು" ಅಂದು ನೋಡಿ; ಅಂಗಡಿಯವನು ನಗ್ತಾನೆ. ಕಂಪೈಲರ್ ಎರರ್ ಅಂದರೆ ಆ ನಗುವೇ.

ಈ ಭಾಷೆಯಲ್ಲಿ ನನಗೆ ತುಂಬ ಇಷ್ಟದ ಪದ ಕೊಂಡಿ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿಗೆ ಸಾಮಾನ್ಯವಾಗಿ ಹತ್ತಿ, ಸೆರಗಿಗೆ ರೇಷ್ಮೆ ಅಥವಾ ಆರ್ಟ್ ಸಿಲ್ಕ್. ಎರಡರ ಎಳೆಗಳನ್ನೂ ಒಂದಕ್ಕೊಂದು ಕುಣಿಕೆ ಹಾಕಿ ಸೇರಿಸ್ತಾರೆ, ಅದೇ ಕೊಂಡಿ. ಹೀಗಾಗಿ ಸೀರೆ ಸೀರೆಗೂ ಹೊಸ ಹಾಸು ಹೂಡಬೇಕು. ಎರಡು ಮಾಡ್ಯೂಲ್‌ಗಳ ನಡುವಿನ ಇಂಟರ್‌ಫೇಸ್ ಅಂತ ನಾವು ಸ್ಲೈಡ್ ಹಾಕಿ ಅರ್ಧ ಗಂಟೆ ವಿವರಿಸೋದು ಅಲ್ಲಿ ಎರಡಕ್ಷರ.

ಮಾತಿನಲ್ಲಿದ್ದ ವಿನ್ಯಾಸವನ್ನು ಯಂತ್ರ ಓದುವ ಹಾಗೆ ಮಾಡಿದವರೂ ನೇಕಾರಿಕೆಯವರೇ. ಬನಾರಸ್‌ನ ನಕ್ಷಾಬಂದರು ಚಿತ್ರವನ್ನು ಕಾಗದದಿಂದ ದಾರಕ್ಕೆ ಇಳಿಸ್ತಿದ್ದರು. ಪುಟ್ಟ ಚೌಕಟ್ಟಿನಲ್ಲಿ ದಾರ ಕಟ್ಟಿ ಕಟ್ಟಿ ಒಂದು ಮಾದರಿ ತಯಾರಿಸೋದು, ಆಮೇಲೆ ಅದನ್ನು ಮಗ್ಗಕ್ಕೆ ಏರಿಸೋದು. ಆ ದಾರಗಳನ್ನು ಎಳೆದ ಕ್ರಮದಲ್ಲಿ ಹಾಸಿನ ಎಳೆಗಳು ಮೇಲೇಳ್ತವೆ, ಹೂವು ಮೂಡ್ತದೆ. ಮಾದರಿಯೂ ಅದೇ, ಪ್ರೋಗ್ರಾಮೂ ಅದೇ.

ಫ್ರಾನ್ಸಿನ ಲಿಯೋನ್‌ನಲ್ಲಿ ಇದೇ ಕೆಲಸಕ್ಕೆ ಕಾಗದ ಬಂತು. 1725ರಲ್ಲಿ ಬೂಷೋನ್ ತೂತು ಕೊರೆದ ಕಾಗದದ ಸುರುಳಿ ಬಳಸಿದ, 1728ರಲ್ಲಿ ಫಾಲ್ಕನ್ ಅದನ್ನು ಕಾರ್ಡುಗಳ ಸರಪಳಿ ಮಾಡಿದ. 1804ರ ಹೊತ್ತಿಗೆ ಜಕಾರ್ಡ್ ಇವನ್ನೆಲ್ಲ ಸೇರಿಸಿ ಕೆಲಸಕ್ಕೆ ಬರುವ ಯಂತ್ರ ಕಟ್ಟಿದ. ಅದರ ರೀತಿ ಸರಳ. ಚಿತ್ರವನ್ನು ಚೌಕುಳಿ ಕಾಗದದ ಮೇಲೆ ಬರೀತಾರೆ. ಕಾಗದದ ಒಂದು ಕಂಬ ಒಂದು ಹಾಸಿನ ಎಳೆ, ಒಂದು ಅಡ್ಡಸಾಲು ಲಾಳಿಯ ಒಂದು ಓಟ, ಅಂದರೆ ಒಂದು ಕಾರ್ಡು. ಬಣ್ಣ ತುಂಬಿದ ಚೌಕ ಇದ್ದಲ್ಲಿ ಕಾರ್ಡಿಗೆ ತೂತು. ತೂತಿದ್ದರೆ ಸೂಜಿ ಒಳಹೋಗಿ ಕೊಕ್ಕೆ ತನ್ನ ಜಾಗದಲ್ಲೇ ಉಳಿದು ಎಳೆಯನ್ನು ಎತ್ತುತ್ತೆ. ತೂತಿಲ್ಲದಿದ್ದರೆ ಸೂಜಿ ಹಿಂದೆ ಸರಿದು ಎಳೆ ಕೆಳಗೇ ಉಳಿಯುತ್ತೆ. ಮಾಡೆಲ್‌ನಿಂದ ಕೋಡ್ ಜನರೇಟ್ ಮಾಡ್ತೀವಿ ಅಂತ ಇವತ್ತು ಟೂಲ್ ಮಾರೋರು ಹೇಳೋದು ಇದಕ್ಕಿಂತ ಹೆಚ್ಚೇನಿಲ್ಲ. 1839ರಲ್ಲಿ ಜಕಾರ್ಡ್‌ನದೇ ಭಾವಚಿತ್ರವನ್ನು ಸುಮಾರು 24,000 ಕಾರ್ಡುಗಳಿಂದ ರೇಷ್ಮೆಯಲ್ಲಿ ನೇಯ್ದರು. ಚಾರ್ಲ್ಸ್ ಬ್ಯಾಬೇಜ್ ಅದರ ಒಂದು ಪ್ರತಿ ಇಟ್ಟುಕೊಂಡಿದ್ದ, ಮತ್ತು ತನ್ನ ಲೆಕ್ಕದ ಯಂತ್ರಕ್ಕೆ ಅದೇ ಕಾರ್ಡುಗಳನ್ನು ಯೋಚಿಸಿದ.

ಆದರೆ ಒಂದು ಮಾತು ಗಮನಿಸಬೇಕು. ಕಾರ್ಡು ಬಂದ ಮೇಲೆ, ಮಗ್ಗದ ಮುಂದೆ ಕೂತವನಿಗೆ ಮಗ್ಗ ಓದೋ ಭಾಷೆ ತನ್ನದಾಗಿ ಉಳಿಯಲಿಲ್ಲ. ಬಟ್ಟೆಯಲ್ಲಿ ತಪ್ಪು ಕಂಡರೆ ಕಾರ್ಡು ಕೊರೆಯೋನ ಹತ್ತಿರ ಹೋಗಬೇಕು. ಕಸುಬು ಒಬ್ಬನದು, ಭಾಷೆ ಇನ್ನೊಬ್ಬನದು.

ಕಂಪ್ಯೂಟರ್ ಬಂದಾಗಲೂ ಮೊದಲಿಗೆ ಜನ ಕಸುಬಿನ ಭಾಷೆಗಳನ್ನೇ ಕಟ್ಟಿದರು. 1957ರ ಫೋರ್ಟ್ರಾನ್ ಹೆಸರಲ್ಲೇ ಫಾರ್ಮುಲಾ ಇದೆ. ಎಂಐಟಿಯಲ್ಲಿ ಡಗ್ಲಸ್ ರಾಸ್ ಮುಂದಾಳತ್ವದಲ್ಲಿ ಲೋಹ ಕೊರೆಯೋ ಯಂತ್ರಗಳಿಗಾಗಿ ಎಪಿಟಿ ಹುಟ್ಟಿತು: ಗೆರೆ, ವೃತ್ತ ಅಂತ ಆಕಾರ ಹೇಳು, ಉಪಕರಣ ಗೆರೆಯ ಎಡಕ್ಕಿರಲಿ ಅನ್ನು, ಎಡಕ್ಕೆ ತಿರುಗು ಅನ್ನು. ವರ್ಕ್‌ಶಾಪಿನವನು ಬಾಯಲ್ಲಿ ಹೇಳೋದೂ ಹಾಗೇ ಅಲ್ಲವೇ? ಇನ್ನು 1979ರ ವಿಸಿಕ್ಯಾಲ್ಕ್, ನಮ್ಮ ಎಕ್ಸೆಲ್‌ನ ಅಜ್ಜ, ಲೆಕ್ಕ ಬರೆಯೋರ ಖಾತೆ ಹಾಳೆಯನ್ನೇ ಪ್ರೋಗ್ರಾಮ್ ಮಾಡಿಬಿಟ್ಟಿತು. ನನ್ನ ಪ್ರಕಾರ ಕಸುಬಿನ ಭಾಷೆಗಳಲ್ಲಿ ಅತಿ ದೊಡ್ಡ ಗೆಲುವು ಅದರದೇ. ಪ್ರೋಗ್ರಾಮ್ ಬರೀತಿದೀನಿ ಅನ್ನೋ ಅರಿವೂ ಇಲ್ಲದೆ ಕೋಟಿಗಟ್ಟಲೆ ಜನ ಬರೀತಾ ಇದಾರೆ.

ನಡುವೆ ಒಂದು ಕಾಲ ಬಂತು, ಎಲ್ಲರಿಗೂ ಒಂದೇ ಚಿತ್ರಭಾಷೆ ಸಾಕು ಅನ್ನೋದು. 1997ರಲ್ಲಿ ಯುಎಂಎಲ್ ಸ್ಟ್ಯಾಂಡರ್ಡ್ ಆಯಿತು. ಬಿಇ ಓದಿದ ನಾವೆಲ್ಲ ಪರೀಕ್ಷೆಗಾಗಿ ಆ ಡಬ್ಬಿ, ಬಾಣ ಬರೆದವರೇ. ಬ್ಯಾಂಕಿಗೂ ಅದೇ ಡಬ್ಬಿ, ಆಸ್ಪತ್ರೆಗೂ ಅದೇ ಡಬ್ಬಿ. ಬ್ಯಾಂಕಿನವನಿಗೆ ತೋರಿಸಿದರೆ ಅವನು ತಲೆ ಆಡಿಸ್ತಾನೆ, ಸೈನ್ ಹಾಕ್ತಾನೆ, ಓದಿರಲ್ಲ. ಅದಕ್ಕೆ ಉತ್ತರ ಬಂದದ್ದು ಫಿನ್‌ಲೆಂಡಿನ ಯುವಾಸ್ಕುಲಾದಿಂದ. ಅಲ್ಲಿನ ಮೆಟಾಎಡಿಟ್ ಅನ್ನೋ ಟೂಲಿನಲ್ಲಿ ಚಿತ್ರಭಾಷೆಯನ್ನೇ ಕಸುಬಿಗೆ ತಕ್ಕಂತೆ ಕಟ್ಟಿಕೊಳ್ಳಬಹುದು. ನೋಕಿಯಾ ತನ್ನ ಫೋನುಗಳ ಸಾಫ್ಟ್‌ವೇರಿಗೆ ಅದನ್ನು ಬಳಸಿತು. ಅದರ ಹಿಂದಿದ್ದ ಸ್ಟೀವನ್ ಕೆಲ್ಲಿ, ಯುಹಾ-ಪೆಕ್ಕಾ ಟೋಲ್ವಾನೆನ್ 2008ರಲ್ಲಿ ಈ ವಿಷಯಕ್ಕೇ ಒಂದು ಪುಸ್ತಕ ಬರೆದರು. ಬೆಂಗಳೂರಿನಲ್ಲಿ ಕಾರಿನ ಬ್ರೇಕು, ಎಂಜಿನ್ ಸಾಫ್ಟ್‌ವೇರ್ ಮಾಡೋರು ಸಿಮ್ಯುಲಿಂಕ್‌ನಲ್ಲಿ ಚಿತ್ರ ಬರೆದು ಸಿ ಕೋಡ್ ತೆಗೆಯೋದೂ ಇದೇ ದಾರಿ. ಕಂಟ್ರೋಲ್ ಎಂಜಿನಿಯರ್ ಆ ಚಿತ್ರ ನೋಡಿ "ಈ ಗೇನ್ ಜಾಸ್ತಿ ಆಯ್ತು" ಅಂತ ಬೆರಳಿಟ್ಟು ತೋರಿಸ್ತಾನೆ. ಸಿ ಕೋಡ್ ಕೊಟ್ಟಿದ್ದರೆ ತೋರಿಸ್ತಿರಲಿಲ್ಲ.

ಈಗ ನಮ್ಮ ಕಡೆಗೆ ಬನ್ನಿ. ಚಿಮ್ಮಡದಿಂದ ರಬಕವಿ-ಬನಹಟ್ಟಿಗೆ ಹೋದರೆ ಓಣಿ ಓಣಿಯಲ್ಲಿ ಪವರ್‌ಲೂಮಿನ ಸದ್ದು. ಪವರ್‌ಲೂಮು ಒಂದೇ ಉದ್ದ ಹಾಸಿನ ಮೇಲೆ ಸೀರೆಯ ಹಿಂದೆ ಸೀರೆ ನೇಯುತ್ತೆ, ಹಾಗಾಗಿ ಕೊಂಡಿಗೆ ಅಲ್ಲಿ ಜಾಗವಿಲ್ಲ. ಎಲೆಕ್ಟ್ರಾನಿಕ್ ಜಕಾರ್ಡ್‌ನಲ್ಲಂತೂ ಕಾರ್ಡೂ ಇಲ್ಲ, ವಿನ್ಯಾಸ ಒಂದು ಫೈಲು. ಅನುಕೂಲ ಬಹಳ, ದೂರೋಕೆ ಮನಸ್ಸು ಬರಲ್ಲ. ಬೆಳಗ್ಗೆ ಒಂದು ವಿನ್ಯಾಸ, ಮಧ್ಯಾಹ್ನ ಇನ್ನೊಂದು. ಆದರೆ ಫೈಲು ತೆಗೆದು ನೋಡಿದರೆ ಒಳಗಿರೋದು ಚುಕ್ಕೆಗಳು. ಈ ಚುಕ್ಕೆಗಳ ಸಾಲು ಗೋಮಿ, ಆ ಸಾಲು ತೆನಿ ಅನ್ನೋದು ಫೈಲಿಗೆ ಗೊತ್ತಿಲ್ಲ. ದಡಿ ಎರಡು ಬೆರಳು ಅಗಲ ಆಗಲಿ ಅಂದರೆ ಡಿಸೈನರ್ ಚಿತ್ರ ಎಳೆದು ಹಿಗ್ಗಿಸ್ತಾನೆ, ಗೋಮಿ ಗೋಮಿಯಾಗಿ ಉಳೀತೋ ಇಲ್ಲವೋ ಸ್ಕ್ರೀನು ಹೇಳಲ್ಲ.

ಗೋಮಿ, ಪರಾಸ, ಗಾಡಿ, ಕೊಂಡಿ ಇವನ್ನೇ ಮೂಲ ಪದಗಳಾಗಿ ಇಟ್ಟುಕೊಂಡು ಒಂದು ಟೂಲ್ ಬರೆಯೋದು ಕಷ್ಟವೇನಲ್ಲ, ಇಬ್ಬರು ಎಂಜಿನಿಯರುಗಳಿಗೆ ಕೆಲವು ತಿಂಗಳ ಕೆಲಸ. ವ್ಯಾಕರಣ ಮಾತ್ರ ನಮ್ಮ ಹತ್ತಿರ ಇಲ್ಲ. ಚಿಕ್ಕಿ ಪರಾಸ ಎಷ್ಟು ಅಗಲಕ್ಕೆ ದೊಡ್ಡ ಪರಾಸ ಆಗುತ್ತೆ, ಯಾವ ದಡಿ ಯಾವ ಒಡಲಿಗೆ ಹೊಂದುತ್ತೆ, ಇದೆಲ್ಲ ಇಳಕಲ್ಲಿನ ಕೈಮಗ್ಗದ ಮುಂದೆ ಕೂತ ವಯಸ್ಸಾದವರ ಕೈಯಲ್ಲಿದೆ. ಅವರ ಎದುರು ಕೂತು, ತಪ್ಪು ಹೇಳಿ, ಅವರು ನಕ್ಕದ್ದನ್ನು ಬರೆದುಕೊಳ್ಳಬೇಕು.