ದ್ರವವೂ ಹೌದು, ಸ್ಫಟಿಕವೂ ಹೌದು: ಮೃದು ವಸ್ತು ವಿಜ್ಞಾನದ ಚರಿತ್ರೆಯಲ್ಲಿ ಬೆಂಗಳೂರು

ವಸ್ತುವಿಗೆ ಮೂರು ಸ್ಥಿತಿಗಳು: ಘನ, ದ್ರವ, ಅನಿಲ. ಪ್ರಾಥಮಿಕ ಶಾಲೆಯಲ್ಲೇ ನಾವೆಲ್ಲರೂ ಈ ಪಾಠ ಕಲಿತಿದ್ದೇವೆ. ಆದರೆ ಹಲ್ಲುಜ್ಜುವ ಪೇಸ್ಟ್ ಘನವೋ ದ್ರವವೋ? ಕೊಳವೆಯನ್ನು ಒತ್ತಿದರೆ ಅದು ಹರಿದು ಬರುತ್ತದೆ, ಬ್ರಷ್‌ನ ಮೇಲೆ ಕುಳಿತರೆ ಅಲ್ಲಾಡದೆ ನಿಲ್ಲುತ್ತದೆ. ಗಟ್ಟಿ ಮೊಸರು, ಸಾಬೂನಿನ ನೊರೆ, ಅಂಟು, ಬಣ್ಣ, ರಬ್ಬರ್, ನಮ್ಮ ದೇಹದ ಜೀವಕೋಶದ ಪೊರೆ ಇವೆಲ್ಲವೂ ಇದೇ ಗುಂಪಿಗೆ ಸೇರುತ್ತವೆ. ಭೌತವಿಜ್ಞಾನಿಗಳು ಇವನ್ನು ಮೃದು ವಸ್ತುಗಳು ಎಂದು ಕರೆಯುತ್ತಾರೆ. ಅಲ್ಪ ಬಲಕ್ಕೆ ದೊಡ್ಡದಾಗಿ ಪ್ರತಿಕ್ರಿಯಿಸುವುದೇ ಇವುಗಳ ಮುಖ್ಯ ಗುಣ. ಈ ವಿಜ್ಞಾನದ ಚರಿತ್ರೆಯಲ್ಲಿ ನಮ್ಮ ಬೆಂಗಳೂರಿಗೆ ಒಂದು ಗೌರವದ ಸ್ಥಾನವಿದೆ. ಅದು ನಮ್ಮ ವಿದ್ಯಾರ್ಥಿಗಳಿಗೇ ಹೆಚ್ಚು ತಿಳಿದಿಲ್ಲವೆಂಬ ಕಾರಣಕ್ಕೆ ಈ ಲೇಖನ.

ಎರಡು ಬಾರಿ ಕರಗಿದ ವಸ್ತು

1888ರಲ್ಲಿ ಪ್ರಾಗ್ ನಗರದಲ್ಲಿದ್ದ ಸಸ್ಯವಿಜ್ಞಾನಿ ಫ್ರೆಡ್ರಿಕ್ ರೈನಿಟ್ಜರ್ ಕೊಲೆಸ್ಟರಾಲ್‌ನಿಂದ ತಯಾರಾದ ಕೊಲೆಸ್ಟರಿಲ್ ಬೆಂಜೊಯೇಟ್ ಎಂಬ ವಸ್ತುವನ್ನು ಕಾಯಿಸುತ್ತಿದ್ದರು. ಶುದ್ಧ ವಸ್ತುವಿಗೆ ಕರಗುವ ಬಿಂದು ಒಂದೇ ಇರಬೇಕು. ಆದರೆ ಇದು 145.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿ ಮಬ್ಬಾದ ದ್ರವವಾಯಿತು. 178.5 ಡಿಗ್ರಿಗೆ ಬಂದಾಗ ಆ ಮಬ್ಬು ಒಮ್ಮೆಲೇ ಮಾಯವಾಗಿ ತಿಳಿ ದ್ರವವಾಯಿತು. ತಣಿಸಿದಾಗ ಇದೇ ಕ್ರಮ ಹಿಮ್ಮುಖವಾಗಿ ನಡೆಯಿತು.

ರೈನಿಟ್ಜರ್ ಇದನ್ನು ಜರ್ಮನಿಯ ಭೌತವಿಜ್ಞಾನಿ ಒಟ್ಟೋ ಲೆಹ್ಮನ್ ಅವರಿಗೆ ಪತ್ರ ಬರೆದು ತಿಳಿಸಿದರು. ಲೆಹ್ಮನ್ ಅವರ ಬಳಿ, ವಸ್ತುವನ್ನು ಬಿಸಿ ಮಾಡುತ್ತಲೇ ಧ್ರುವೀಕೃತ ಬೆಳಕಿನಲ್ಲಿ ನೋಡಬಲ್ಲ ಸೂಕ್ಷ್ಮದರ್ಶಕವಿತ್ತು. ಆ ಮಬ್ಬು ದ್ರವ ನೀರಿನಂತೆ ಹರಿಯುತ್ತಿದ್ದರೂ ಬೆಳಕಿನ ಮಟ್ಟಿಗೆ ಸ್ಫಟಿಕದಂತೆಯೇ ವರ್ತಿಸುತ್ತಿತ್ತು. 1889ರಲ್ಲಿ ಅವರು ಇದನ್ನು 'ಹರಿಯುವ ಸ್ಫಟಿಕ' ಎಂದು ಕರೆದು ಪ್ರಬಂಧ ಪ್ರಕಟಿಸಿದರು. ಇಂದು ಟಿ.ವಿ., ಕಂಪ್ಯೂಟರ್ ಪರದೆಗಳ ಎಲ್‌ಸಿಡಿ ಎಂಬ ಹೆಸರಿನ ಮೊದಲ ಎರಡು ಅಕ್ಷರಗಳು ಸೂಚಿಸುವುದು ಇದೇ ದ್ರವ ಸ್ಫಟಿಕವನ್ನು.

ಹೊಸ ಮಾತನ್ನು ಲೋಕ ಸುಲಭವಾಗಿ ಒಪ್ಪುವುದಿಲ್ಲ. ಗುಸ್ತಾವ್ ತಾಮನ್‌ರಂತಹ ಹೆಸರಾಂತ ವಿಜ್ಞಾನಿಗಳು, ಇದು ಹೊಸ ಸ್ಥಿತಿಯಲ್ಲ, ವಸ್ತುವಿನಲ್ಲಿ ಬೆರೆತ ಕಲ್ಮಶದಿಂದಾದ ಮಬ್ಬು ಎಂದು ವಾದಿಸಿದರು. ವಿವಾದ ವರ್ಷಗಟ್ಟಲೆ ನಡೆಯಿತು. 1922ರಲ್ಲಿ ಫ್ರಾನ್ಸಿನ ಜಾರ್ಜ್ ಫ್ರೀಡೆಲ್ ಈ ಸ್ಥಿತಿಗಳನ್ನು ನೆಮ್ಯಾಟಿಕ್, ಸ್ಮೆಕ್ಟಿಕ್, ಕೊಲೆಸ್ಟರಿಕ್ ಎಂದು ವಿಂಗಡಿಸಿದರು. ಅವೇ ಹೆಸರುಗಳು ಇಂದಿಗೂ ಬಳಕೆಯಲ್ಲಿವೆ.

ಕಡ್ಡಿಗಳ ನಿಯಮ

ಎಂತಹ ಅಣುಗಳು ದ್ರವ ಸ್ಫಟಿಕವಾಗುತ್ತವೆ? ಜರ್ಮನಿಯ ಹಾಲೆ ನಗರದ ರಸಾಯನ ವಿಜ್ಞಾನಿ ಡೇನಿಯಲ್ ಫೋರ್ಲೆಂಡರ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇದಕ್ಕೆ ಉತ್ತರ ಕಂಡುಕೊಂಡರು: ಅಣು ಉದ್ದವಾಗಿ, ಕಡ್ಡಿಯ ಆಕಾರದಲ್ಲಿರಬೇಕು. ಬೆಂಕಿಪೊಟ್ಟಣದ ಕಡ್ಡಿಗಳನ್ನು ನೆನೆಯಿರಿ. ಅವು ಪೊಟ್ಟಣದೊಳಗೆ ಜರುಗಾಡಬಲ್ಲವು, ಆದರೆ ಎಲ್ಲವೂ ಒಂದೇ ದಿಕ್ಕಿಗೆ ಮುಖ ಮಾಡಿರುತ್ತವೆ. ಜರುಗುವುದು ದ್ರವದ ಗುಣ, ದಿಕ್ಕು ಹಿಡಿದಿರುವುದು ಸ್ಫಟಿಕದ ಗುಣ. ಇಂತಹ ಅಣುಗಳ ದಿಕ್ಕನ್ನು ಬದಲಿಸಲು ಕೆಲವೇ ವೋಲ್ಟ್ ವಿದ್ಯುತ್ ಸಾಕು. ಅದರೊಂದಿಗೆ ಅವುಗಳ ಮೂಲಕ ಸಾಗುವ ಬೆಳಕೂ ಬದಲಾಗುತ್ತದೆ. ಈ ಗುಣವೇ 1970ರ ದಶಕದಲ್ಲಿ ಕೈಗಡಿಯಾರ ಮತ್ತು ಕ್ಯಾಲ್ಕುಲೇಟರ್‌ಗಳ ಅಂಕಿಗಳನ್ನು ಬೆಳಗಿಸಿತು.

ಫೋರ್ಲೆಂಡರ್ ಅವರ ನಿಯಮ ದಶಕಗಳ ಕಾಲ ಪ್ರಶ್ನೆಯಿಲ್ಲದೆ ನಡೆಯಿತು. ಆ ಅವಧಿಯಲ್ಲಿ ತಯಾರಾದ ಸಾವಿರಾರು ದ್ರವ ಸ್ಫಟಿಕಗಳೆಲ್ಲವೂ ಕಡ್ಡಿ ಅಣುಗಳವೇ ಆಗಿದ್ದವು.

ಬೆಂಗಳೂರಿನ ಶೋಧ

ಈ ನಂಬಿಕೆಯ ಗಡಿಯನ್ನು ದಾಟಿದ್ದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ. ಅಲ್ಲಿನ ದ್ರವ ಸ್ಫಟಿಕ ಪ್ರಯೋಗಾಲಯದ ಮುಖ್ಯಸ್ಥರಾಗಿದ್ದವರು ಶಿವರಾಮಕೃಷ್ಣ ಚಂದ್ರಶೇಖರ್. ನಕ್ಷತ್ರಗಳ ಅಧ್ಯಯನಕ್ಕಾಗಿ ನೊಬೆಲ್ ಪಡೆದ ಸುಬ್ರಹ್ಮಣ್ಯನ್ ಚಂದ್ರಶೇಖರ್ ಬೇರೆ, ಇವರು ಬೇರೆ. ಇಬ್ಬರೂ ಸಿ.ವಿ. ರಾಮನ್ ಅವರ ಬಂಧುಗಳಾದ್ದರಿಂದ ಗೊಂದಲ ಸಹಜ. 1930ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದ ಇವರು ನಾಗಪುರದಲ್ಲಿ ಓದಿ, ಕೇಂಬ್ರಿಡ್ಜ್‌ನಲ್ಲಿ ಡಾಕ್ಟರೇಟ್ ಪಡೆದರು. 1961ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ವಿಭಾಗದ ಹೊಣೆ ಹೊತ್ತರು. ದ್ರವ ಸ್ಫಟಿಕಗಳ ಅಧ್ಯಯನವನ್ನು ಅವರು ಕೈಗೆತ್ತಿಕೊಂಡದ್ದು ಮೈಸೂರಿನಲ್ಲೇ. 1971ರಲ್ಲಿ ಬೆಂಗಳೂರಿಗೆ ಬಂದರು. 1973ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ದ್ರವ ಸ್ಫಟಿಕಗಳ ಅಂತಾರಾಷ್ಟ್ರೀಯ ಸಮ್ಮೇಳನವೇ ನಡೆಯಿತು.

ಚಂದ್ರಶೇಖರ್ ಅವರು ಕೇಳಿದ ಪ್ರಶ್ನೆ ಸರಳವಾಗಿತ್ತು: ಕಡ್ಡಿಗಳು ಸಾಲುಗೂಡಬಹುದಾದರೆ ಬಿಲ್ಲೆಗಳು ಏಕೆ ಕೂಡಬಾರದು? ಇದನ್ನು ಪರೀಕ್ಷಿಸಲು ಬಿಲ್ಲೆಯಾಕಾರದ ಅಣುಗಳುಳ್ಳ ಶುದ್ಧ ವಸ್ತು ಬೇಕಿತ್ತು. ರಸಾಯನ ವಿಜ್ಞಾನಿ ಬಿ.ಕೆ. ಸದಾಶಿವ ಮತ್ತು ಭೌತವಿಜ್ಞಾನಿ ಕೆ.ಎ. ಸುರೇಶ್ ಅವರ ಜೊತೆಗೂಡಿ ಈ ಕೆಲಸ ನಡೆಯಿತು. ನಡುವೆ ಚಪ್ಪಟೆಯಾದ ಬೆಂಜೀನ್ ಉಂಗುರ, ಅದರ ಸುತ್ತ ಆರು ಕಡೆ ಬಾಗಬಲ್ಲ ಉದ್ದನೆಯ ಇಂಗಾಲದ ಸರಪಳಿಗಳು, ಇದು ಆ ಅಣುವಿನ ರಚನೆ. ಕಾಯಿಸಿದಾಗ ಈ ವಸ್ತು ಘನ ಮತ್ತು ತಿಳಿ ದ್ರವಗಳ ನಡುವೆ ಇನ್ನೊಂದು ಸ್ಥಿತಿಯನ್ನು ತೋರಿಸಿತು. ಒಳರಚನೆಯನ್ನು ಎಕ್ಸ್-ಕಿರಣಗಳು ಬಯಲು ಮಾಡಿದವು. ಬುಟ್ಟಿಯಲ್ಲಿ ರೊಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿಟ್ಟಂತೆ ಬಿಲ್ಲೆಗಳು ಕಂಬಗಳಾಗಿ ನಿಂತಿದ್ದವು. ಕಂಬಗಳು ಜೇನುಗೂಡಿನ ಮಾದರಿಯಲ್ಲಿ ಕ್ರಮವಾಗಿದ್ದವು, ಆದರೆ ಪ್ರತಿ ಕಂಬದೊಳಗೆ ಬಿಲ್ಲೆಗಳ ನಡುವಿನ ಅಂತರ ದ್ರವದಲ್ಲಿರುವಂತೆ ಅನಿಯತವಾಗಿತ್ತು. ಅಡ್ಡಲಾಗಿ ನೋಡಿದರೆ ಸ್ಫಟಿಕ, ಕಂಬದ ಉದ್ದಕ್ಕೂ ನೋಡಿದರೆ ದ್ರವ!

1977ರಲ್ಲಿ ಈ ಶೋಧ ಪ್ರಕಟವಾಯಿತು. ಯಾವ ವಿದೇಶಿ ಪತ್ರಿಕೆಯಲ್ಲೂ ಅಲ್ಲ, ಬೆಂಗಳೂರಿನಿಂದಲೇ ಹೊರಡುವ 'ಪ್ರಮಾಣ' ಎಂಬ ಭೌತವಿಜ್ಞಾನ ಪತ್ರಿಕೆಯಲ್ಲಿ. ಕೆಲವೇ ಪುಟಗಳ ಆ ಲೇಖನವನ್ನು ಜಗತ್ತು ಹುಡುಕಿಕೊಂಡು ಓದಿತು. ರೈನಿಟ್ಜರ್ ಪತ್ರದಿಂದ ಅಲ್ಲಿಗೆ 89 ವರ್ಷಗಳಾಗಿದ್ದವು. 'ಡಿಸ್ಕಾಟಿಕ್' ದ್ರವ ಸ್ಫಟಿಕ ಎಂಬ ಹೊಸ ಶಾಖೆಯೇ ಇದರಿಂದ ಬೆಳೆಯಿತು.

ಹೆಸರು ಬಂದದ್ದು

1991ರಲ್ಲಿ ಫ್ರಾನ್ಸಿನ ಪಿಯರ್-ಝೀಲ್ ಡಿ ಜೆನ್ ಅವರಿಗೆ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿ ದೊರೆಯಿತು. ಅವರ ನೊಬೆಲ್ ಉಪನ್ಯಾಸದ ಶೀರ್ಷಿಕೆಯೇ 'ಮೃದು ವಸ್ತು'. ಅದರಲ್ಲಿ ಅವರು ರಬ್ಬರಿನ ಉದಾಹರಣೆ ಕೊಟ್ಟರು. ರಬ್ಬರ್ ಮರದ ಹಾಲು ಹರಿಯುವ ದ್ರವ. ಅದರ ಸುಮಾರು 200 ಇಂಗಾಲದ ಪರಮಾಣುಗಳಲ್ಲಿ ಒಂದಕ್ಕೆ ಗಂಧಕ ಸೇರಿದರೆ ಸಾಕು, ಅದು ಎಳೆದರೆ ಹಿಗ್ಗಿ ಬಿಟ್ಟರೆ ಹಿಂದಿರುಗುವ ಗಟ್ಟಿ ವಸ್ತುವಾಗುತ್ತದೆ. ಸಣ್ಣ ಕಾರಣ, ದೊಡ್ಡ ಪರಿಣಾಮ. ಪಾಲಿಮರ್, ನೊರೆ, ದ್ರವ ಸ್ಫಟಿಕ ಎಂದು ಬೇರೆಬೇರೆಯಾಗಿ ಓದುತ್ತಿದ್ದ ವಿಷಯಗಳು ಒಂದೇ ಸೂರಿನಡಿ ಬಂದವು.

ಅದೇ 1991ರಲ್ಲಿ ಚಂದ್ರಶೇಖರ್ ಅವರು ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯ ನೆರವಿನಿಂದ ಜಾಲಹಳ್ಳಿಯಲ್ಲಿ ದ್ರವ ಸ್ಫಟಿಕ ಸಂಶೋಧನಾ ಕೇಂದ್ರವನ್ನು ಆರಂಭಿಸಿದರು. ನಂತರ ಹೆಸರು ಬದಲಾಗಿ ಅದು ನ್ಯಾನೋ ಮತ್ತು ಮೃದು ವಸ್ತು ವಿಜ್ಞಾನ ಕೇಂದ್ರವಾಯಿತು. ರಾಯಲ್ ಸೊಸೈಟಿಯ ಫೆಲೋ ಗೌರವ 1983ರಲ್ಲಿ, ಪದ್ಮಭೂಷಣ 1998ರಲ್ಲಿ ಅವರಿಗೆ ಸಂದವು. 2004ರ ಮಾರ್ಚ್‌ನಲ್ಲಿ ಅವರು ನಿಧನರಾದರು.

ನಾವು ಯೋಚಿಸಬೇಕಾದದ್ದು

ಈ ಕಥೆಗೆ ಇನ್ನೊಂದು ಮುಖವೂ ಇದೆ. ಆರಂಭದ ಎಲ್‌ಸಿಡಿ ಪರದೆಗಳನ್ನು ಓರೆಯಿಂದ ನೋಡಿದರೆ ಚಿತ್ರ ಮಂಕಾಗುತ್ತಿತ್ತು. 1990ರ ದಶಕದ ನಡುವಿನಲ್ಲಿ ಜಪಾನಿನ ಫ್ಯೂಜಿ ಕಂಪನಿ ಬಿಲ್ಲೆ ಅಣುಗಳ ತೆಳು ಪದರವನ್ನು ಪರದೆಗೆ ಅಂಟಿಸಿ ಆ ದೋಷವನ್ನು ಬಹುಮಟ್ಟಿಗೆ ನಿವಾರಿಸಿತು. ಶೋಧ ಬೆಂಗಳೂರಿನದು, ಸರಕು ಜಪಾನಿನದು. ಪ್ರಯೋಗಾಲಯದಿಂದ ಕಾರ್ಖಾನೆಯವರೆಗಿನ ದಾರಿಯನ್ನು ಹಾಕುವವರು ನಮ್ಮಲ್ಲಿ ಸಾಕಷ್ಟು ಇರಲಿಲ್ಲ. ಆ ದಾರಿ ಹಾಕುವ ಕೆಲಸ ಮುಂದಿನ ಪೀಳಿಗೆಯದು.

ಇಂದು ಪಿ.ಯು.ಸಿ. ವಿಜ್ಞಾನ ತೆಗೆದುಕೊಂಡ ಮಕ್ಕಳ ಮುಂದೆ ನಾವು ಇಡುವುದು ವೈದ್ಯಕೀಯ, ಇಂಜಿನಿಯರಿಂಗ್ ಎಂಬ ಎರಡೇ ಬಾಗಿಲುಗಳನ್ನು. ಬಿ.ಎಸ್ಸಿ. ಸೇರುತ್ತೇನೆ ಎಂದ ಮಗನನ್ನೋ ಮಗಳನ್ನೋ ಸೀಟು ಸಿಗದವರಂತೆ ಕಾಣುತ್ತೇವೆ. ಆದರೆ ಮೇಲೆ ಹೇಳಿದ ಶೋಧಕ್ಕೆ ಬೇಕಾದದ್ದು ಭೌತವಿಜ್ಞಾನ, ರಸಾಯನ ವಿಜ್ಞಾನ ಓದಿದವರ ಒಗ್ಗಟ್ಟು ಮತ್ತು ಎಲ್ಲರೂ ಒಪ್ಪಿದ ನಿಯಮವನ್ನು ಇನ್ನೊಮ್ಮೆ ಕೇಳುವ ಧೈರ್ಯ. ಪ್ರಿಯ ವಿದ್ಯಾರ್ಥಿಗಳೇ, ಪಠ್ಯದಲ್ಲಿ ಮೂರು ಸ್ಥಿತಿಗಳೆಂದು ಓದಿ ಅಂಕ ಪಡೆಯಿರಿ, ತಪ್ಪಿಲ್ಲ. ಆದರೆ ಮನೆಗೆ ಬಂದು ಮೊಸರಿನ ಪಾತ್ರೆಯನ್ನು ಓರೆ ಮಾಡಿ ನೋಡಿ. ಅದು ಏಕೆ ಹರಿಯಲಿಲ್ಲ ಎಂದು ಕೇಳಿ. ತಂದೆ ತಾಯಂದಿರು ಮತ್ತು ನಮ್ಮಂತಹ ಸಂಘಗಳು ಆ ಪ್ರಶ್ನೆ ಕೇಳುವ ಮಗುವಿನ ಬೆನ್ನಿಗೆ ನಿಲ್ಲಲಿ.